ಫೋಲಿಕ್ ಆಮ್ಲ ಮತ್ತು ಅರ್ಬುದ ಚಿಕಿತ್ಸೆ: ಒಂದು ಚಾರಿತ್ರಿಕ ವಿವೇಚನೆ

ದೊಡ್ಡಬಳ್ಳಾಪುರ, ಹೊಸಕೋಟೆಗಳ ಸಂತೆಯಲ್ಲಿ ಕಂತೆ ಕಟ್ಟಿ ಮಾರುವ ಸೊಪ್ಪಿಗೂ, ಆ ಊರುಗಳ ರೋಗಿಗಳು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಆಸ್ಪತ್ರೆಗೆ ಹೋಗಿ ಪಡೆಯುವ ಮೆಥೋಟ್ರೆಕ್ಸೇಟ್ ಎಂಬ ಔಷಧಕ್ಕೂ ಇರುವ ಸಂಬಂಧವು ಮೇಲುನೋಟಕ್ಕೆ ತೋರದು. ಆದರೆ ಕೋಶದ ಚಯಾಪಚಯ ಕ್ರಿಯೆಯನ್ನೇ ತಡೆದು ಅರ್ಬುದವನ್ನು ಹಿಮ್ಮೆಟ್ಟಿಸುವ ಚಿಕಿತ್ಸೆಯ ಚರಿತ್ರೆಯಲ್ಲಿ ಸೊಪ್ಪಿನ ಒಂದು ಸತ್ವಕ್ಕೆ ಮೊದಲ ಸ್ಥಾನವಿದೆ.

ಅರ್ಬುದಕೋಶವು ಆಮ್ಲಜನಕವಿದ್ದಾಗಲೂ ಗ್ಲೂಕೋಸನ್ನು ಹೇರಳವಾಗಿ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತದೆಂದು ಜರ್ಮನಿಯ ಆಟೋ ವಾರ್‌ಬುರ್ಗ್ 1920ರ ದಶಕದಲ್ಲಿಯೇ ತೋರಿಸಿದ್ದರು. ಈ ಬಗೆಯ ಮೊದಲ ಔಷಧವಾದರೋ ಆ ದಾರಿಯಿಂದ ಬರಲಿಲ್ಲ. ಬಡವರ ಊಟದ ಪ್ರಶ್ನೆಯಿಂದ ಬಂದಿತು. 1928ರಲ್ಲಿ ಮುಂಬಯಿಗೆ ಬಂದ ಆಂಗ್ಲ ವೈದ್ಯೆ ಲೂಸಿ ವಿಲ್ಸ್, ಗಿರಣಿ ಕೆಲಸದ ಗರ್ಭಿಣಿಯರ ರಕ್ತಹೀನತೆಯು ಯೀಸ್ಟಿನ ಸಾರದಿಂದ ಗುಣವಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅದೇ ಬಗೆಯ ಸತ್ವವನ್ನು ಬೇರ್ಪಡಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಲೆಡರ್ಲೆ ಪ್ರಯೋಗಾಲಯವು ಅದನ್ನು ಕೃತಕವಾಗಿ ತಯಾರಿಸಿತು.

ಮುಂದಿನ ಘಟ್ಟವು ಕಠೋರವಾದುದು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟಾಗ ರೋಗವು ತಗ್ಗುವ ಬದಲು ತೀವ್ರವಾದಂತೆ ಅವರಿಗೆ ಕಂಡಿತು. ಈ ವೈಫಲ್ಯವನ್ನು ಅವರು ಮುಚ್ಚಿಡಲಿಲ್ಲ. ಸತ್ವವು ರೋಗಕೋಶವನ್ನು ಪೋಷಿಸುವುದಾದರೆ ಸತ್ವದ ವಿರೋಧಿಯು ಅದನ್ನು ಉಪವಾಸ ಕೆಡವಬೇಕಲ್ಲವೆ? ಸುಬ್ಬರಾವ್ ಅವರ ತಂಡವು ಅಮಿನೋಪ್ಟೆರಿನ್ ಎಂಬ ವಿರೋಧಿಯನ್ನು ಒದಗಿಸಿತು. ರೂಪದಲ್ಲಿ ಫೋಲಿಕ್ ಆಮ್ಲವನ್ನೇ ಹೋಲುವ ಅದು ಕಿಣ್ವಕ್ಕೆ ಅಂಟಿಕೊಂಡು, ಕೋಶವು ಡಿ.ಎನ್.ಎ. ಕಟ್ಟಿಕೊಳ್ಳಲು ಬೇಕಾದ ಸಾಮಗ್ರಿಯನ್ನು ತಡೆಯುತ್ತದೆ. 1948ರ ಜೂನಿನ ವರದಿಯಂತೆ 16 ಮಕ್ಕಳಲ್ಲಿ 10 ಮಂದಿ ಸುಧಾರಿಸಿದರು. ಆ ಸುಧಾರಣೆಯಾದರೂ ತಾತ್ಕಾಲಿಕವಾಗಿತ್ತು; ಇದನ್ನು ಬರಿಯ ವಿಜಯಗಾಥೆಯಾಗಿ ಬರೆಯುವವರು ಈ ಮಾತನ್ನು ಮರೆಯುತ್ತಾರೆ. ವರದಿಯ ಲೇಖಕರಲ್ಲಿ ಸುಬ್ಬರಾವ್ ಅವರ ಹೆಸರಿಲ್ಲ. ಎರಡು ತಿಂಗಳಲ್ಲಿ, 53ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮೆಥೋಟ್ರೆಕ್ಸೇಟ್ ಅಮಿನೋಪ್ಟೆರಿನ್ನಿನ ಹತ್ತಿರದ ಬಂಧು; ಕ್ರಮೇಣ ಅದರ ಸ್ಥಾನವನ್ನು ಪಡೆಯಿತು.

ಬೆಂಗಳೂರಿನ ಪಾಲು ಇದಕ್ಕಿಂತ ಶಾಂತವಾದುದು. ಭಾರತೀಯ ವಿಜ್ಞಾನ ಮಂದಿರದ ಜೀವರಸಾಯನ ವಿಭಾಗದಲ್ಲಿ ಎನ್. ಅಪ್ಪಾಜಿರಾವ್, ಎಚ್. ಎಸ್. ಸಾವಿತ್ರಿ ಮತ್ತು ಅವರ ಶಿಷ್ಯರು ಫೋಲಿಕ್ ಆಮ್ಲದ ಮಾರ್ಗದಲ್ಲಿಯೇ ಇರುವ ಸೀರೀನ್ ಹೈಡ್ರಾಕ್ಸಿಮಿಥೈಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವವನ್ನು ಕುರಿಯ ಯಕೃತ್ತಿನಿಂದಲೂ ಹೆಸರುಕಾಳಿನಿಂದಲೂ ಶುದ್ಧಗೊಳಿಸಿ ದೀರ್ಘಕಾಲ ಪರಿಶೀಲಿಸಿದರು. ಇದನ್ನು ಅರ್ಬುದ ಚಿಕಿತ್ಸೆಯ ಗುರಿಯಾಗಿಸಬಹುದೆಂಬ ವಾದವನ್ನು 2000ದ ಸಮೀಕ್ಷಾ ಲೇಖನವೊಂದರಲ್ಲಿ ಮಂಡಿಸಿದರು. ಈ ಕಿಣ್ವವನ್ನೇ ತಡೆಯುವ ಔಷಧವು ಇನ್ನೂ ಅರ್ಬುದ ಚಿಕಿತ್ಸೆಯ ಬಳಕೆಗೆ ಬಂದಿಲ್ಲ.

ಮೆಥೋಟ್ರೆಕ್ಸೇಟಿಗೆ ರೋಗಿಯ ಆರೋಗ್ಯವಂತ ಕೋಶಗಳಲ್ಲಿಯೂ ಕರುಣೆಯಿಲ್ಲ. ಆದಕಾರಣ ಅದನ್ನು ಅಧಿಕ ಪ್ರಮಾಣದಲ್ಲಿ ಕೊಟ್ಟ ವೈದ್ಯರು, ಗೊತ್ತಾದ ಹೊತ್ತಿಗೆ, ಫೋಲಿನಿಕ್ ಆಮ್ಲವನ್ನು, ಎಂದರೆ ಅದೇ ಸೊಪ್ಪಿನ ಸತ್ವದ ಒಂದು ರೂಪವನ್ನು, ರೋಗಿಗೆ ಕೊಡುತ್ತಾರೆ.