ಆರ್ಯಭಟದ ಸೌರಫಲಕಗಳು: ಒಂದು ವಿಚಾರ

ಶ್ರೀರಂಗಪಟ್ಟಣದ ಇತಿಹಾಸವನ್ನೋದುವವರು ಟಿಪ್ಪುವಿನ ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳ ವೇಗವನ್ನೂ ದೂರವನ್ನೂ ವಿಚಾರಿಸುವುದು ಸಹಜ; ಅವುಗಳ ಕಾರ್ಯ ಕ್ಷಣಮಾತ್ರದ್ದು. ಉಪಗ್ರಹದ ಕಾರ್ಯವಾದರೋ ರಾಕೆಟ್ಟು ಅದನ್ನು ಬಿಟ್ಟ ಮೇಲೆಯೇ ಮೊದಲಾಗುತ್ತದೆ. ಆದಕಾರಣ ನಮ್ಮ ಅಂತರಿಕ್ಷ ಚರಿತ್ರೆಯನ್ನು ರಾಕೆಟ್ಟಿನಿಂದ ಮಾತ್ರವೇ ಅಳೆಯುವುದು ಸಾಲದು.

ಬೆಂಗಳೂರಿನ ಪೀಣ್ಯದಲ್ಲಿ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟವು ಇದಕ್ಕೆ ನಿದರ್ಶನ. 360 ಕಿಲೋಗ್ರಾಂ ತೂಕದ ಈ ಉಪಗ್ರಹಕ್ಕೆ 26 ಮುಖಗಳು. ಮೇಲಿನ ಮತ್ತು ಕೆಳಗಿನ ಮುಖಗಳನ್ನುಳಿದು ಮಿಕ್ಕವನ್ನು ಸೌರಕೋಶಗಳು ಆವರಿಸಿದ್ದವು. ಇಂಥ ಫಲಕಗಳ ಪರೀಕ್ಷೆಗೆ ನೆಲದ ಬಿಸಿಲು ಸಾಲದು. ಅದು ವಾಯುಮಂಡಲವನ್ನು ಹಾದು ಕುಗ್ಗಿ ಬಂದದ್ದು. ಅಂತರಿಕ್ಷದಲ್ಲಿ ಚದರ ಮೀಟರಿಗೆ ಸುಮಾರು 1,361 ವಾಟ್ ಬೀಳುತ್ತದೆ. ಆದ್ದರಿಂದ ಕೃತಕ ಸೂರ್ಯಪ್ರಕಾಶದಲ್ಲಿ ಅವುಗಳ ಶಕ್ತಿಯನ್ನು ಅಳೆದು, ಉಡಾವಣೆಯ ಕಂಪನಕ್ಕೂ ನಿರ್ವಾತದ ಶೀತೋಷ್ಣಗಳಿಗೂ ಅವುಗಳನ್ನು ಒಡ್ಡಿ ನೋಡುವುದು ಅವಶ್ಯಕ.

1975ನೆಯ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಆರ್ಯಭಟವನ್ನು ಕಕ್ಷೆಗೆ ಸೇರಿಸಿತು. ಕೆಲವೇ ದಿನಗಳಲ್ಲಿ ವಿದ್ಯುತ್ ವ್ಯವಸ್ಥೆಯ ದೋಷದಿಂದ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಉಪಗ್ರಹವು ಮಾತ್ರ ಅನಂತರವೂ ಸಂಕೇತಗಳನ್ನು ಕಳುಹಿಸುತ್ತಿತ್ತು. ಇದನ್ನು ಸೋಲೆಂದು ನಾವು ಕರೆಯಲಾರೆವು. ಫಲಕವೊಂದೇ ಅಲ್ಲ, ಅಲ್ಲಿಂದ ಉಪಕರಣದವರೆಗಿನ ವಿದ್ಯುತ್ತಿನ ದಾರಿಯೆಲ್ಲವೂ ಪರೀಕ್ಷೆಗೆ ಒಳಪಡಬೇಕೆಂಬುದೇ ಇದರಿಂದ ನಾವು ಕಲಿಯಬೇಕಾದ ಪಾಠ.