ಊರಿನ ಚಿಕ್ಕತನ ಮತ್ತು ಮದುವೆಯ ಅನುಮತಿ: ಕಥೋಲಿಕ ಕಾನೂನಿನ ಒಂದು ಪಲ್ಲಟ

ಮುಧೋಳ, ಜಮಖಂಡಿ, ರನ್ನ ಬೆಳಗಲಿಯ ಸೀಮೆಯಲ್ಲಿ ಕಥೋಲಿಕ ಮನೆಗಳು ವಿರಳ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದ ಮೇಲೂ ಉತ್ತರ ಕರ್ನಾಟಕದ ಕಥೋಲಿಕರು ಮಂಗಳೂರಿನವರಂತೆ ಒತ್ತಾಗಿ ನೆಲೆಸಿದವರಲ್ಲ. ಇಂಥ ಕಡೆ ಹತ್ತಿರದಲ್ಲೇ ಸಂಬಂಧ ನೋಡುವವರಿಗೆ ಸೋದರಿಕೆಯೋ ಅನ್ಯಧರ್ಮದ ಮನೆಯೋ ಎಂಬ ಎರಡೇ ದಾರಿ ಉಳಿಯುವುದುಂಟು. ಸೋದರಮಾವನ ಮಗಳನ್ನು ತರುವುದಕ್ಕೂ ದೀಕ್ಷಾಸ್ನಾನ ಪಡೆಯದವರನ್ನು ವರಿಸುವುದಕ್ಕೂ ಧರ್ಮಸಭೆಯ ವಿನಾಯಿತಿ ಬೇಕು. ಇವೆರಡರಲ್ಲಿ ರೋಮ್ ಯಾವುದಕ್ಕೆ ಹೆಚ್ಚು ಅಂಜುತ್ತಿತ್ತು ಎಂಬುದನ್ನು ನೋಡಿದರೆ ಈ ಅನುಮತಿಯ ಚರಿತ್ರೆ ತಿಳಿಯಾಗುತ್ತದೆ.

1877ರ ಮೇ 9ರಂದು, ಮಿಷನ್ ಪ್ರದೇಶಗಳನ್ನು ನೋಡಿಕೊಳ್ಳುತ್ತಿದ್ದ ಪ್ರೊಪಗಾಂಡ ಫೀದೆ ಸಂಸ್ಥೆಯು ವಿವಾಹ ವಿನಾಯಿತಿಗೆ ಒಪ್ಪಬಹುದಾದ 16 ಕಾರಣಗಳನ್ನು ಪಟ್ಟಿಮಾಡಿತು. ಮೊದಲನೆಯದೇ ಊರಿನ ಚಿಕ್ಕತನ: ಬಂಧುಗಳನ್ನು ಬಿಟ್ಟರೆ ಹೆಣ್ಣಿಗೆ ತಕ್ಕ ವರ ಸಿಗದ ಸ್ಥಿತಿ. ಕಥೋಲಿಕರಲ್ಲದವರನ್ನು ಮದುವೆಯಾಗಿಬಿಡುವ ಅಪಾಯವೂ ಅದೇ ಪಟ್ಟಿಯಲ್ಲಿದೆ. ಹೊರಗಿನ ಮದುವೆಯನ್ನು ತಡೆಯಲು ರಕ್ತಸಂಬಂಧದ ಮದುವೆಯನ್ನು ಸಹಿಸಬಹುದೆಂಬುದು ಆಗಿನ ಲೆಕ್ಕ. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೂ ಇದೇ ಅಂಜಿಕೆ ಉಳಿಯಿತು. ಸಂಗಾತಿಯ ನಂಬಿಕೆಯನ್ನು ಕೆಡಿಸುವುದಿಲ್ಲವೆಂದು ಅನ್ಯಧರ್ಮೀಯರು, ಮಕ್ಕಳೆಲ್ಲರಿಗೂ ಕಥೋಲಿಕ ದೀಕ್ಷಾಸ್ನಾನ ಕೊಡಿಸುತ್ತೇವೆಂದು ಇಬ್ಬರೂ ವಾಗ್ದಾನ ಮಾಡಬೇಕಿತ್ತು, ಸಾಮಾನ್ಯವಾಗಿ ಬರಹದಲ್ಲಿ.

1970ರ ಮಾರ್ಚ್ 31ರಂದು ಪೋಪ್ ಆರನೆಯ ಪೌಲರು ಹೊರಡಿಸಿದ ‘ಮತ್ರಿಮೋನಿಯ ಮಿಕ್ಸ್ತಾ’ ಎಂಬ ಪತ್ರ ಆ ಭಾರವನ್ನು ಅನ್ಯಧರ್ಮೀಯರ ಹೆಗಲಿಂದ ಇಳಿಸಿತು. 1983ರ ಸಂಹಿತೆಯ 1086 ಮತ್ತು 1125ನೆಯ ವಿಧಿಗಳ ಪ್ರಕಾರ ನ್ಯಾಯವಾದ ಕಾರಣವಿದ್ದರೆ ಧರ್ಮಾಧ್ಯಕ್ಷರೇ ವಿನಾಯಿತಿ ಕೊಡಬಹುದು. ವಾಗ್ದಾನ ಮಾಡಬೇಕಾದವರು ಕಥೋಲಿಕರು ಮಾತ್ರ. ಹಿಂದೆ ಬಳಗದೊಳಗೇ ಉಳಿಯಲು ನೆಪವಾಗಿದ್ದ ಊರಿನ ಚಿಕ್ಕತನವನ್ನು ಈಗ ಹೊರಗಿನವರನ್ನು ಸ್ವೀಕರಿಸಲು ನ್ಯಾಯವಾದ ಕಾರಣವೆಂದು ಮುಂದಿಡಬಹುದು. ಈ ಪಲ್ಲಟವೇ ನನಗೆ ಮುಖ್ಯವಾಗಿ ಕಾಣುತ್ತದೆ.

ಇದು ಕಾಲಕ್ಕೆ ಮಣಿದ ಸಡಿಲಿಕೆ ಎನ್ನುವವರಿದ್ದಾರೆ. ಆದರೆ ವಿನಾಯಿತಿ ಪಡೆಯದ ಮದುವೆ ಇಂದಿಗೂ ಧರ್ಮಸಭೆಯ ದೃಷ್ಟಿಯಲ್ಲಿ ಅಸಿಂಧು. 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿದರೂ ಅಷ್ಟೇ. ಜೊತೆಗೆ, ಕೂಡಿಬಾಳಲು ಒಪ್ಪುವ ಅವಿಶ್ವಾಸಿ ಸಂಗಾತಿಯನ್ನು ಬಿಡಬೇಡವೆಂದು ಸಂತ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಈ ಅನುಮತಿ ಮತಾಂತರದ ಹಿಂಬಾಗಿಲು ಎಂಬ ಶಂಕೆಯೂ ನಿಲ್ಲುವುದಿಲ್ಲ: ದೀಕ್ಷಾಸ್ನಾನ ಪಡೆದವರಿಗೆ ಈ ವಿನಾಯಿತಿಯೇ ಬೇಡ, ತಮ್ಮ ಧರ್ಮದಲ್ಲೇ ಉಳಿಯುವವರಿಗಾಗಿಯೇ ಇದು ಇರುವುದು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯೂ ವಧೂವರರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೆ ಸಾಕೆನ್ನುತ್ತದೆ.

ಮಕ್ಕಳ ವಿಷಯದ ಆಕ್ಷೇಪ ಮಾತ್ರ ಗಟ್ಟಿಯಾದುದು. ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸುವುದಾಗಿ ಕಥೋಲಿಕ ಸಂಗಾತಿ ಕೊಟ್ಟ ಮಾತು ಇನ್ನೊಬ್ಬರ ಮನೆಯನ್ನೂ ತಟ್ಟುತ್ತದೆ. ಕಾನೂನು ಕೇಳುವುದು ಕೈಲಾದ ಪ್ರಯತ್ನವನ್ನಷ್ಟೇ ನಿಜ, ಆದರೂ ಬಿಕ್ಕಟ್ಟು ಪೂರ್ತಿ ನೀಗುವುದಿಲ್ಲ. ಆ ವಾಗ್ದಾನವನ್ನು ಅನ್ಯಧರ್ಮೀಯ ಸಂಗಾತಿಗೆ ಸಕಾಲದಲ್ಲಿ ತಿಳಿಸಲೇಬೇಕೆಂದು 1125ನೆಯ ವಿಧಿ ಹೇಳುತ್ತದೆ. ಧರ್ಮಕೇಂದ್ರದ ಗುರುಗಳು ಇದನ್ನು ನಿಶ್ಚಿತಾರ್ಥಕ್ಕೆ ಮೊದಲೇ ಎರಡೂ ಮನೆಯವರ ಮುಂದೆ ಕನ್ನಡದಲ್ಲಿ ಬಿಡಿಸಿ ಹೇಳಬೇಕು.