ಶಿಶುವಿಹಾರದ ದಿನಚರಿಯೂ ಮನೆಯವರ ಪಾಲೂ

ಕನ್ನಡ ನಾಡಿನಲ್ಲಿ ಅಕ್ಷರಾರಂಭಕ್ಕೆ ಓನಾಮವೆಂಬ ಹೆಸರು ಬಹುಕಾಲದಿಂದ ನಡೆದುಬಂದಿರುವದು. ಓಂ ನಮಃ ಶಿವಾಯ ಎಂಬ ಮಂತ್ರವನ್ನೇ ಮೊದಲ ಪಾಠವನ್ನಾಗಿ ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದ ಸಂಪ್ರದಾಯವೇ ಈ ಹೆಸರಿಗೆ ಮೂಲವು. ಊರ ಐಗಳು ಮಠದ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೋ ಕುಳಿತು ಮಕ್ಕಳಿಗೆ ಅಕ್ಷರ, ಕಾಗುಣಿತ, ಮಗ್ಗಿಗಳನ್ನು ಹೇಳಿಕೊಡುತ್ತಿದ್ದರು. ಶಾಲೆಯನ್ನು ಮಠವೆಂದೇ ಕರೆಯುವದು ಅಂದಿನ ರೂಢಿಯು. ಐಗಳ ಮಠ, ಕೂಲಿಮಠ ಎಂಬ ಮಾತುಗಳು ಅದಕ್ಕೆ ಸಾಕ್ಷಿಯಾಗಿವೆ. ಈ ಮಠಗಳು ನಾಡಿಗೆ ಮಾಡಿದ ಉಪಕಾರವು ಅಲ್ಪವಾದುದಲ್ಲ. ಆದರೆ ಅಲ್ಲಿಗೆ ಹೋಗುವ ಮಗುವಿಗೆ ಐದಾರು ವರ್ಷಗಳಾದರೂ ತುಂಬಿರಬೇಕಾಗುತ್ತಿದ್ದಿತು. ಕಂಠಪಾಠವೇ ಅಲ್ಲಿಯ ಕ್ರಮವು. ಕೋದಂಡವೇ ಮೊದಲಾದ ಶಿಕ್ಷೆಗಳ ಭಯವೇ ಅಲ್ಲಿಯ ಶಿಸ್ತು. ಅದಕ್ಕಿಂತ ಕಿರಿಯ ಕೂಸುಗಳ ಕಲಿಕೆಯು ಅಜ್ಜಿಯ ಮಡಿಲಿನಲ್ಲಿಯೂ ಮನೆಯ ಅಂಗಳದಲ್ಲಿಯೂ ನಡೆಯುತ್ತಿದ್ದಿತು. ಅದಕ್ಕೆ ಶಿಕ್ಷಣವೆಂಬ ದೊಡ್ಡ ಹೆಸರನ್ನು ಯಾರೂ ಕೊಟ್ಟಿರಲಿಲ್ಲ.

ಮೂರರಿಂದ ಆರು ವರ್ಷಗಳ ಮಕ್ಕಳಿಗಾಗಿ ಬೇರೊಂದು ಮನೆಯನ್ನು ಕಟ್ಟಿ, ಅವರ ಹೊತ್ತುಹೊತ್ತಿನ ಕೆಲಸವನ್ನು ಗೊತ್ತುಪಡಿಸಿ, ಆ ಕ್ರಮದಲ್ಲಿ ತಾಯಿತಂದೆಗಳಿಗೂ ಪಾಲನ್ನಿಟ್ಟ ಪದ್ಧತಿಯು ಹುಟ್ಟಿದ್ದು ಅನ್ಯದೇಶದಲ್ಲಿ. ಇಂದು ಶಿಶುವಿಹಾರವೆಂಬ ಹೆಸರು ಎಲ್ಲೆಡೆಯಲ್ಲಿಯೂ ಪರಿಚಿತವಾಗಿ, ಮಠಗಳ ವಿದ್ಯಾಸಂಸ್ಥೆಗಳಲ್ಲಿಯೂ ಅದು ಸೇರಿಹೋಗಿದೆ. ಆದುದರಿಂದ ಅದರ ದಿನಚರಿಯು ಯಾವ ಉದ್ದೇಶದಿಂದ ಏರ್ಪಟ್ಟಿತೆಂಬದನ್ನು ಮಕ್ಕಳನ್ನು ಅಲ್ಲಿಗೆ ಕಳುಹುವ ಮನೆಯವರು ತಿಳಿದಿರುವದು ಯುಕ್ತವು.

ಜರ್ಮನಿಯ ತುರಿಂಗಿಯಾ ಪ್ರಾಂತದಲ್ಲಿ ೧೭೮೨ರಲ್ಲಿ ಜನಿಸಿದ ಫ್ರೀಡ್ರಿಕ್ ಫ್ರೋಬೆಲರು ಒಂಬತ್ತು ತಿಂಗಳ ಕೂಸಾಗಿರುವಾಗಲೇ ತಾಯಿಯನ್ನು ಕಳೆದುಕೊಂಡರು. ತಂದೆಯು ಕ್ರೈಸ್ತ ಧರ್ಮೋಪದೇಶಕನಾಗಿದ್ದು, ಮಗನ ಕಡೆಗೆ ನೋಡಲು ಅವನಿಗೆ ಬಿಡುವು ದೊರೆಯುತ್ತಿರಲಿಲ್ಲ. ಮುಂದೆ ಫ್ರೋಬೆಲರು ಪಂಡಿತರನ್ನು ಬಿಟ್ಟು ತಾಯಂದಿರ ಕಡೆಗೆ ತಿರುಗಿದ್ದಕ್ಕೆ ತಾಯಿಯಿಲ್ಲದ ಈ ಬಾಲ್ಯವೇ ಕಾರಣವಾಗಿರಬಹುದೆಂದು ಊಹಿಸಿದರೆ ತಪ್ಪಾಗಲಾರದು. ಅವರು ೧೮೩೭ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಮಕ್ಕಳ ತೋಟವೆಂದು ಆ ಮಾತಿನ ಅರ್ಥವು. ಇದು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಒಂದೊಂದು ಮಗುವಿಗೆ ಒಂದೊಂದು ಚಿಕ್ಕ ಪಾತಿ, ಎಲ್ಲರಿಗೂ ಸೇರಿ ಒಂದು ದೊಡ್ಡ ಪಾತಿ ಇರಬೇಕೆಂಬದು ಅವರ ನಿಯಮವಾಗಿತ್ತು. ತನ್ನ ಪಾತಿಗೆ ನೀರೆರೆದ ಕೈಯೇ ಹತ್ತು ಮಂದಿಯ ಪಾತಿಗೂ ನೀರೆರೆಯಲು ಕಲಿಯಬೇಕು. ತೋಟದ ಕೆಲಸದೊಡನೆ, ಬಳಸಿ ನಿಂತು ಹಾಡುತ್ತ ಆಡುವ ಆಟಗಳು, ಮತ್ತು ಫ್ರೋಬೆಲರು ಕೊಡುಗೆಗಳೆಂದು ಕರೆದ ಆಟದ ಸಾಮಾನುಗಳು ಇದ್ದವು: ಮೊದಲು ಬಣ್ಣಬಣ್ಣದ ಆರು ಮೆತ್ತನೆಯ ಚೆಂಡುಗಳು, ಬಳಿಕ ಮರದ ಗುಂಡು, ಉರುಳೆ, ಚೌಕಗಟ್ಟಿ, ಆಮೇಲೆ ಎಂಟು ತುಂಡುಗಳಾಗಿ ಬಿಡಿಸಿ ಮತ್ತೆ ಒಂದಾಗಿ ಜೋಡಿಸಬಹುದಾದ ಚೌಕಗಟ್ಟಿ. ತಾಯಂದಿರು ಮನೆಯಲ್ಲಿಯೇ ಕೂಸಿನ ಕೈಬೆರಳುಗಳನ್ನು ಹಿಡಿದು ಆಡಿಸಲೆಂದು ೧೮೪೪ರಲ್ಲಿ ಹಾಡುಗಳ ಪುಸ್ತಕವೊಂದನ್ನೂ ಅವರು ಪ್ರಕಟಿಸಿದರು. ಶಾಲೆಯು ಮನೆಯಿಂದಲೇ ಆರಂಭವಾಗುವದೆಂಬದು ಅವರ ನಂಬಿಕೆಯಾಗಿತ್ತು.

ಇಂಥ ನಿರಪರಾಧಿಯಾದ ತೋಟಕ್ಕೂ ರಾಜಕೋಪವು ತಟ್ಟದೆ ಹೋಗಲಿಲ್ಲ. ೧೮೫೧ರಲ್ಲಿ ಪ್ರಷ್ಯದ ಸರಕಾರವು ನಾಸ್ತಿಕತೆಯ ಆರೋಪವನ್ನು ಹೊರಿಸಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಫ್ರೋಬೆಲರ ಬರಹಗಳನ್ನೂ ಅವರ ಅಣ್ಣನ ಮಗನ ಬರಹಗಳನ್ನೂ ಅಧಿಕಾರಿಗಳು ಒಂದಾಗಿ ಬೆರಸಿಬಿಟ್ಟಿದ್ದರು. ಮರುವರ್ಷವೇ ಫ್ರೋಬೆಲರು ತೀರಿಕೊಂಡರು. ನಿಷೇಧವು ರದ್ದಾದದ್ದು ೧೮೬೦ರಲ್ಲಿ. ಅಷ್ಟರೊಳಗೆ ಆ ಬೀಜವು ಕಡಲನ್ನು ದಾಟಿತ್ತು. ೧೮೫೬ರಲ್ಲಿ ಮಾರ್ಗರೆಥೆ ಶುರ್ಜ್ ಎಂಬ ಜರ್ಮನ್ ಮಹಿಳೆಯು ಅಮೇರಿಕೆಯ ವಾಟರ್‌ಟೌನಿನಲ್ಲಿ ಅಂಥದೊಂದನ್ನು ನಡಿಸಿದಳು. ೧೮೭೩ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೂಸನ್ ಬ್ಲೋ ಎಂಬವರ ಪ್ರಯತ್ನದಿಂದ ಅದು ಸಾರ್ವಜನಿಕ ಶಾಲೆಯ ಅಂಗವಾಯಿತು. ಅಲ್ಲಿಯ ಬಡವರ ಕೇರಿಗಳಲ್ಲಿ ಬೆಳಗಿನ ಹೊತ್ತು ಮಕ್ಕಳಿಗೆ ಕಲಿಸಿದ ಶಿಕ್ಷಕಿಯರು ಮಧ್ಯಾಹ್ನದ ಮೇಲೆ ಅದೇ ಮಕ್ಕಳ ಮನೆಗಳಿಗೆ ಹೋಗಿ ತಾಯಂದಿರನ್ನು ಕಾಣುವ ಪದ್ಧತಿಯು ಬೆಳೆಯಿತು.

ಮಕ್ಕಳ ದಿನಚರಿಯನ್ನು ಗಂಟೆಗಂಟೆಗೆ ಬರೆದಿಟ್ಟು, ಮನೆಯವರ ಕರ್ತವ್ಯವನ್ನೂ ನಿಯಮದ ಮಾತಿನಲ್ಲಿ ಸಾರಿದ್ದು ರೋಮಾಪಟ್ಟಣದಲ್ಲಿ. ಅಲ್ಲಿಯ ಸಾನ್ ಲೊರೆಂಜೊ ಎಂಬ ಬಡವರ ಕೇರಿಯ ಕಟ್ಟಡಗಳಲ್ಲಿ ತಾಯಿತಂದೆಗಳಿಬ್ಬರೂ ಕೂಲಿಗೆ ಹೋದ ಮೇಲೆ ಕಿರಿಯ ಮಕ್ಕಳು ಹಿಡಿತವಿಲ್ಲದೆ ತಿರುಗುತ್ತ ಗೋಡೆ ಮೆಟ್ಟಲುಗಳನ್ನು ಕೆಡಿಸುತ್ತಿದ್ದರು. ಕಟ್ಟಡಗಳ ಒಡೆಯರಾದ ಸಂಘದವರು ಅವರಿಗಾಗಿ ಒಂದು ಕೋಣೆಯನ್ನು ಬಿಟ್ಟುಕೊಟ್ಟು, ವೈದ್ಯರಾದ ಮೇರಿಯಾ ಮಾಂಟೆಸೊರಿ ಅವರನ್ನು ಕರೆದರು. ೧೯೦೭ನೆಯ ಜನವರಿ ೬ರಂದು ಅಲ್ಲಿ ಮಕ್ಕಳ ಮನೆಯು ತೆರೆಯಿತು. ಗೋಡೆಯ ಸುಣ್ಣವನ್ನು ಉಳಿಸಿಕೊಳ್ಳುವ ಯೋಚನೆಯಿಂದ ಇಷ್ಟು ದೊಡ್ಡ ಕಾರ್ಯವು ಹುಟ್ಟಿತೆಂಬದು ಸೋಜಿಗವಲ್ಲವೆ?

ಶುಲ್ಕವಿರಲಿಲ್ಲ. ಆದರೆ ತಾಯಂದಿರಿಗೆ ಕಟ್ಟಳೆಗಳಿದ್ದವು. ಮಗುವನ್ನು ಶುಚಿಯಾಗಿ ಕಳುಹಿಸಬೇಕು. ಶಿಕ್ಷಕಿಯ ಕೆಲಸಕ್ಕೆ ಕೈಗೂಡಿಸಬೇಕು. ವಾರಕ್ಕೊಮ್ಮೆಯಾದರೂ ಅವಳನ್ನು ಕಂಡು ಮನೆಯಲ್ಲಿ ಮಗುವಿನ ನಡೆಯು ಹೇಗಿರುವದೆಂದು ತಿಳಿಸಿ, ಅವಳ ಹಿತವಚನವನ್ನು ಕೇಳಬಹುದು. ಶಿಕ್ಷಕಿಯೂ ಅದೇ ಕಟ್ಟಡದಲ್ಲಿ ವಾಸವಾಗಿರುತ್ತಿದ್ದಳು. ಅವಳ ನಡೆನುಡಿಗಳು ಮನೆಯವರ ಕಣ್ಣೆದುರಿಗೇ ಇರುತ್ತಿದ್ದವು.

ಮಾಂಟೆಸೊರಿ ಅವರು ಪ್ರಕಟಿಸಿದ ಚಳಿಗಾಲದ ವೇಳಾಪಟ್ಟಿಯಂತೆ ಮಕ್ಕಳ ಮನೆಯು ಬೆಳಿಗ್ಗೆ ೯ಕ್ಕೆ ತೆರೆದು ಸಂಜೆ ೪ಕ್ಕೆ ಮುಚ್ಚುತ್ತಿದ್ದಿತು. ಮೊದಲ ಗಂಟೆಯು ಬರವಿಗೆ, ವಂದನೆಗೆ, ಕೈಕಾಲು ಉಗುರುಗಳ ಶುಚಿಯನ್ನು ನೋಡುವದಕ್ಕೆ. ಮಕ್ಕಳು ಒಬ್ಬರಿಗೊಬ್ಬರು ನೆರವಾಗಿ ಮೇಲಂಗಿಗಳನ್ನು ತೊಡುವರು, ಕೋಣೆಯಲ್ಲಿ ಧೂಳು ಉಳಿದಿದೆಯೇ ಎಂದು ತಾವೇ ನೋಡುವರು, ನಿನ್ನೆ ಮನೆಯಲ್ಲಿ ಏನು ನಡೆಯಿತೆಂದು ಹೇಳುವರು, ಬಳಿಕ ಪ್ರಾರ್ಥನೆ. ಹತ್ತರಿಂದ ಹನ್ನೊಂದರ ವರೆಗೆ ಕಣ್ಣು, ಕಿವಿ, ಕೈಗಳಿಗೆ ಅಭ್ಯಾಸ ಕೊಡುವ ಸಾಮಾನುಗಳೊಡನೆ ಪಾಠ. ಅರ್ಧ ಗಂಟೆ ನಡಿಗೆ ನಿಲುವುಗಳ ಸರಳ ವ್ಯಾಯಾಮ, ಹನ್ನೊಂದೂವರೆಗೆ ಊಟ. ಆಮೇಲೆ ಒಂದು ಗಂಟೆ ಮನಬಂದಂತೆ ಆಟ. ಇನ್ನೊಂದು ಗಂಟೆ ಬಯಲಿನಲ್ಲಿ ಕ್ರಮದ ಆಟ, ಆ ವೇಳೆಗೆ ದೊಡ್ಡ ಮಕ್ಕಳು ಸರದಿಯಂತೆ ಕೋಣೆಯನ್ನು ಒಪ್ಪಗೊಳಿಸುವರು. ಎರಡರಿಂದ ಮೂರರ ವರೆಗೆ ಜೇಡಿಮಣ್ಣಿನ ಗೊಂಬೆ, ಚಿತ್ರ. ಕೊನೆಯ ಗಂಟೆಯಲ್ಲಿ ಹಾಡು, ಮತ್ತು ಗಿಡಗಳಿಗೆ ನೀರು, ಸಾಕಿದ ಪ್ರಾಣಿಗಳ ಆರೈಕೆ.

ಈ ಪಟ್ಟಿಯನ್ನು ಎಚ್ಚರದಿಂದ ನೋಡಿದರೆ ಒಂದು ಸಂಗತಿಯು ಕಾಣುವದು: ಓದುಬರಹಕ್ಕೆಂದು ಬೇರೆ ಗಂಟೆಯೇ ಇದರಲ್ಲಿಲ್ಲ. ಗುಡಿಸುವದು, ತೊಡುವದು, ಬಡಿಸುವದು, ನೀರೆರೆಯುವದು ಇವೆಲ್ಲ ಮನೆಯ ಕೆಲಸಗಳೇ. ಕಾಯಕದ ಹಿರಿಮೆಯನ್ನು ಬಲ್ಲ ಶರಣರ ನಾಡಿನವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಕ್ಷರವು ಅಲ್ಲಿಗೆ ಬಂದ ಬಗೆಯೂ ಕೇಳುವಂತಿದೆ. ಓದು ಬಾರದ ತಾಯಂದಿರೇ ಬಂದು, ತಮ್ಮ ಮಕ್ಕಳಿಗೆ ಓದುಬರಹ ಕಲಿಸಬೇಕೆಂದು ಬೇಡಿಕೊಂಡರು. ಮಾಂಟೆಸೊರಿ ಅವರಿಗೆ ಮೊದಲು ಅದು ಮನಸ್ಸಿರಲಿಲ್ಲ. ಕಡೆಗೆ ಉಸುಕಿನ ಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸಿ, ಬೆರಳಿನಿಂದ ಸವರಲು ಮಕ್ಕಳಿಗೆ ಕೊಟ್ಟರು. ಡಿಸೆಂಬರದ ಒಂದು ಬಿಸಿಲಿನ ದಿನ ಮಾಳಿಗೆಯ ಮೇಲೆ ಐದು ವರ್ಷದ ಹುಡುಗನೊಬ್ಬನಿಗೆ ಸೀಮೆಸುಣ್ಣವನ್ನು ಕೊಟ್ಟು, ಎದುರಿಗಿದ್ದ ಹೊಗೆಗೂಡಿನ ಚಿತ್ರವನ್ನು ಬರೆಯೆಂದಾಗ, ಅವನು ಚಿತ್ರವನ್ನು ಮುಗಿಸಿ, ತನಗೆ ಬರೆಯಲು ಬರುವದೆಂದು ಕೂಗಿ, ಯಾರೂ ಹೇಳದೆಯೇ ಕೈ ಎಂಬ ಅರ್ಥದ ಮಾತನ್ನು ನೆಲದ ಮೇಲೆ ಬರೆದನು. ಬಳಿಕ ಹೊಗೆಗೂಡು, ಆಮೇಲೆ ಮಾಳಿಗೆ. ಐಗಳ ಮಠದ ಮರಳೂ ರೋಮಿನ ಉಸುಕಿನ ಕಾಗದವೂ ಬೆರಳಿಗೆ ಕಲಿಸಿದ ವಿದ್ಯೆಯು ಒಂದೇ. ವ್ಯತ್ಯಾಸವಿದ್ದುದು ಬೆತ್ತದಲ್ಲಿ.

ಇಂದು ಮೂರು ವರ್ಷದ ಕೂಸಿನ ಕೈಗೆ ಬರಹದ ಪುಸ್ತಕವನ್ನು ಕೊಟ್ಟು, ಪುಟ ತುಂಬಲಿಲ್ಲವೆಂದು ಶಿಕ್ಷಕಿಯನ್ನು ಕೇಳುವ ತಾಯಿತಂದೆಗಳು ಕಡಮೆಯಿಲ್ಲ. ಅವರ ಆಸೆಯು ಸಾನ್ ಲೊರೆಂಜೊದ ತಾಯಂದಿರ ಆಸೆಯೇ ಆಗಿರುವದರಿಂದ ಅದನ್ನು ನಿಂದಿಸಲಾಗದು. ಆದರೆ ಆ ತಾಯಂದಿರು ಬೇಡಿಕೊಂಡ ಮೇಲೆ ಕಾದರು. ಮಕ್ಕಳ ಬೆರಳು ಪಳಗುವ ವರೆಗೆ ಕಾಯುವದೇ ಅವರ ಪಾಲಿಗೆ ಬಂದ ಕಷ್ಟದ ಕೆಲಸವು.

ಭಾರತದಲ್ಲಿ ಈ ಪದ್ಧತಿಯನ್ನು ದೇಶದ ಮಣ್ಣಿಗೆ ಒಗ್ಗಿಸಿದವರಲ್ಲಿ ಗುಜರಾತದ ಗಿಜುಭಾಯಿ ಬಧೇಕಾ ಅವರು ಮೊದಲಿಗರು. ವಕೀಲರಾಗಿದ್ದ ಅವರು ತಮ್ಮ ಮಗನ ಶಿಕ್ಷಣದ ಚಿಂತೆಯಿಂದ ಈ ದಾರಿಗೆ ಬಂದು, ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಶಿಕ್ಷೆಯನ್ನು ತೆಗೆದುಹಾಕಿ ಅದರ ಜಾಗದಲ್ಲಿ ಕಥೆಯನ್ನಿಟ್ಟರು. ಮೀಸೆಯುಳ್ಳ ತಾಯಿಯೆಂಬ ಪ್ರೀತಿಯ ಹೆಸರು ಅವರಿಗೆ ಬಂದಿತು. ಅವರು ೧೯೩೯ರ ಜೂನಿನಲ್ಲಿ ತೀರಿಕೊಂಡರು; ಅದೇ ವರ್ಷ ನವೆಂಬರದಲ್ಲಿ ಮಾಂಟೆಸೊರಿ ಅವರು ಮದರಾಸಿನ ಅಡಿಯಾರಿಗೆ ಬಂದಿಳಿದರು. ಯುದ್ಧದ ಕಾರಣದಿಂದ ಅವರು ೧೯೪೬ರ ವರೆಗೆ ಇಲ್ಲಿಯೇ ನಿಲ್ಲಬೇಕಾಗಿ, ನೂರಾರು ಶಿಕ್ಷಕರು ಅವರಿಂದ ತರಬೇತಿಯನ್ನು ಪಡೆದರು.

ರೋಮಿನ ಕಟ್ಟಳೆಗಳಲ್ಲಿ ಒಂದು ಕಠಿನವಾದುದಿತ್ತು. ಕೊಳೆಯಾಗಿ ಬಂದ ಮಕ್ಕಳನ್ನೂ, ಶಿಕ್ಷಕಿಯನ್ನು ಗೌರವಿಸದವರ ಮಕ್ಕಳನ್ನೂ ಹೊರಗೆ ಕಳುಹಿಸಬಹುದೆಂದು ಅದು ಹೇಳುತ್ತಿದ್ದಿತು. ತಾಯಿಯು ನೀರಿಗೆ ಮೈಲಿಗಟ್ಟಲೆ ನಡೆಯಬೇಕಾದ ಕಡೆಯಲ್ಲಿ, ಬೆಳಕು ಹರಿಯುವ ಮೊದಲೇ ಕೂಲಿಗೆ ಹೊರಡುವ ಕಡೆಯಲ್ಲಿ ಈ ಕಟ್ಟಳೆಯು ಯಾರ ಮೇಲೆ ಬೀಳುವದು? ಗಿಜುಭಾಯಿ ಅವರೊಡನೆ ಕೆಲಸ ಮಾಡಿದ್ದ ತಾರಾಬಾಯಿ ಮೋಡಕ ಅವರಿಗೆ ಈ ಪ್ರಶ್ನೆಯು ಎದುರಾದದ್ದು ೧೯೪೫ರಲ್ಲಿ, ಠಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಯಲ್ಲಿ. ಬಾಲವಾಡಿಯು ತೆರೆಯಿತು, ಆದರೆ ದಲಿತರ ಮತ್ತು ಆದಿವಾಸಿಗಳ ಮಕ್ಕಳು ಬರಲಿಲ್ಲ. ಆಗ ಅವರು ತಮ್ಮ ಸಹಕಾರಿಣಿಯಾದ ಅನುತಾಯಿ ವಾಘ ಅವರೊಡಗೂಡಿ ಬಾಲವಾಡಿಯನ್ನೇ ಆ ಮಕ್ಕಳ ಅಂಗಳಕ್ಕೆ ಒಯ್ದರು. ಮಗುವನ್ನು ಶುಚಿಯಾಗಿ ಕಳುಹಿಸೆಂದು ತಾಯಿಗೆ ಹೇಳುವ ಬದಲು ಮುಖ ತೊಳೆಯುವದನ್ನೇ ದಿನದ ಮೊದಲ ಪಾಠವನ್ನಾಗಿ ಮಾಡಿದರು. ಬೆಲೆಬಾಳುವ ಸಾಮಾನುಗಳ ಸ್ಥಾನಕ್ಕೆ ಎಲೆ, ಬೀಜ, ಹರಳು, ಚಿಪ್ಪುಗಳು ಬಂದವು. ೧೯೫೭ರಲ್ಲಿ ಈ ಕಾರ್ಯವು ವಾರಲಿ ಜನರ ನಡುವಿನ ಕೋಸಬಾಡಕ್ಕೆ ಸಾಗಿತು. ದನ ಕಾಯುವ ಮಕ್ಕಳಿಗಾಗಿ ಅಲ್ಲಿ ಹುಲ್ಲುಗಾವಲಿನಲ್ಲಿಯೇ ಶಾಲೆಯು ನಡೆಯಿತು.

ಅಂಗಳದ ಹೆಸರೇ ಉಳಿದು ಅಂಗನವಾಡಿಯಾಯಿತು. ೧೯೭೫ರ ಅಕ್ಟೋಬರ ೨ರಂದು ಭಾರತ ಸರಕಾರವು ದೇಶದ ೩೩ ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ದ ಸ್ಥಳವು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ೧೦೦ ಅಂಗನವಾಡಿಗಳು ತೆರೆದವು. ಆಟ, ಹಾಡು, ಕಥೆಗಳೊಡನೆ ಬಿಸಿಯೂಟ, ತೂಕ ನೋಡುವದು, ತಾಯಂದಿರ ಸಭೆ ಇವು ಅಲ್ಲಿಯ ಕೆಲಸಗಳಾದವು. ಸಾಮಾನ್ಯವಾಗಿ ಅಂಗನವಾಡಿಯಲ್ಲಿ ಕಾರ್ಯಕರ್ತೆಯೊಡನೆ ಒಬ್ಬ ಸಹಾಯಕಿಯಿರುವಳು. ಅಡಿಗೆ ಮಾಡುವದು, ಕೋಣೆಯನ್ನು ಗುಡಿಸುವದು ಇವುಗಳ ಜೊತೆಗೆ, ಬೆಳಿಗ್ಗೆ ಮನೆಮನೆಗೆ ಹೋಗಿ ಕರೆತರುವವರಿಲ್ಲದ ಮಕ್ಕಳನ್ನು ಕೈಹಿಡಿದು ಕರೆತರುವದೂ ಅವಳ ಕರ್ತವ್ಯಗಳಲ್ಲಿ ಸೇರಿರುವದು.